ಸಂಗ್ಯಾ ಬಾಳ್ಯಾ ಆಡಲು ಹೊರಟಿದ್ದೇವೆ, ಹಿರಿಯರು ಹೆಸರು ಬದಲಿಸಿ ಎನ್ನುತ್ತಿದ್ದಾರೆ

ಕರಿಮಣ್ಣು:

ಬೈಲಹೊಂಗಲ ಸೀಮೆಯ ಹವ್ಯಾಸಿ ತಂಡ ನಮ್ಮದು. ಶಾಲಾ ಶಿಕ್ಷಕರು, ಹತ್ತಿ ಅಂಗಡಿಯ ಗುಮಾಸ್ತ, ಒಬ್ಬ ಬಸ್ ಕಂಡಕ್ಟರ್, ಅಂಗನವಾಡಿ ಕಾರ್ಯಕರ್ತೆ, ಉಳಿದವರು ರೈತರು. ಈ ವರ್ಷದ ಜಾತ್ರೆಗೆ ಸಂಗ್ಯಾ ಬಾಳ್ಯಾ ಸಣ್ಣಾಟವನ್ನು, ಅಂದರೆ ಹಾಡು ಮಾತು ಕೂಡಿದ ನಮ್ಮ ಕಡೆಯ ಬಯಲಾಟವನ್ನು, ಎತ್ತಿಕೊಂಡಿದ್ದೇವೆ. ಹಾಡುಗಳು ಬಾಯಿಗೆ ಬಂದಿವೆ, ಮೇಳ ಕೂಡಿದೆ, ಪೇಟಿ, ತಬಲಾ, ದಪ್ಪು ಎಲ್ಲವೂ ಹೊಂದಿಕೊಂಡಿವೆ. ಈಗ ಜಾತ್ರೆ ನಡೆಸುವ ಹಿರಿಯರು ತಕರಾರು ತೆಗೆದಿದ್ದಾರೆ. ಆಟ ಬೇಡವೆನ್ನುವುದಿಲ್ಲವಂತೆ. ಪಾತ್ರಗಳ ಹೆಸರು ಬದಲಿಸಬೇಕಂತೆ, ಬೈಲಹೊಂಗಲ ಎಂಬ ಹೆಸರು ಎಲ್ಲಿಯೂ ಕೇಳಿಸಬಾರದಂತೆ, ಗಂಗಿಯ ಪಾತ್ರವನ್ನು ಆದಷ್ಟು ಚಿಕ್ಕದು ಮಾಡಬೇಕಂತೆ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಸಂಗ್ಯಾ ಉಳ್ಳವರ ಮನೆಯ ಹುಡುಗ, ಬಾಳ್ಯಾ ಅವನ ಜೀವದ ಗೆಳೆಯ. ವ್ಯಾಪಾರಸ್ಥ ಈರ್ಯಾನ ಹೆಂಡತಿ ಗಂಗಿಯ ಮೇಲೆ ಸಂಗ್ಯಾನ ಕಣ್ಣು ಬೀಳುತ್ತದೆ. ಸಂಬಂಧ ಕುದುರುತ್ತದೆ, ಗುಟ್ಟು ಬಯಲಾಗುತ್ತದೆ. ಹಾದಿ ಮಾಡಿಕೊಟ್ಟ ಗೆಳೆಯನೇ ಕೊನೆಗೆ ಸಂಗ್ಯಾನನ್ನು ಕೊಲ್ಲುವವರ ಕೈಗೆ ಒಪ್ಪಿಸುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೈಲಹೊಂಗಲದಲ್ಲಿ ನಡೆದದ್ದೆಂದೇ ಜನ ಹೇಳಿಕೊಂಡು ಬಂದಿದ್ದಾರೆ. ಅದನ್ನು ಪದ ಕಟ್ಟಿ ಆಟ ಮಾಡಿದವರು ಪತ್ತಾರ ಮಾಸ್ತರರು ಎಂಬ ಮಾತೂ ಈ ಭಾಗದಲ್ಲಿ ಬಳಕೆಯಲ್ಲಿದೆ.

ನಾಡಿನ ಯಾವ ಮೂಲೆಯಲ್ಲಿ ಆಡಿದರೂ ಯಾರೂ ಬೇಸರಪಟ್ಟುಕೊಳ್ಳದ ಆಟ, ತನ್ನದೇ ಮಣ್ಣಿನಲ್ಲಿ ಆಡಲು ಹೋದರೆ ಮುಜುಗರವಾಗುತ್ತದೆ. ನಮ್ಮ ತಂಡದಲ್ಲಿಯೇ ಎರಡು ಪಕ್ಷವಾಗಿದೆ. ಆಡಿದ ಅನುಭವ ಇದ್ದವರು, ನೋಡಿದವರು, ಕಾಯ್ದೆ ಬಲ್ಲವರು ಏನು ಹೇಳುತ್ತೀರಿ?


ನೇರಮಾತು:

ಹಿರಿಯರ ಮಾತಿನಲ್ಲಿ ತಪ್ಪೇನಿದೆ? ಮೈಸೂರಿನ ರಂಗಮಂದಿರದಲ್ಲಿ ಕುಳಿತವನಿಗೆ ಈರ್ಯಾ ಒಂದು ಪಾತ್ರ. ನಿಮ್ಮ ಜಾತ್ರೆಯಲ್ಲಿ ಜಮಖಾನೆಯ ಮೇಲೆ ಕುಳಿತವನಿಗೆ ಈರ್ಯಾ ಎಂದರೆ ಯಾವ ಓಣಿ, ಯಾವ ಮನೆ ಎಂಬ ಪ್ರಶ್ನೆ ಮೊದಲು ಏಳುತ್ತದೆ. ನಿಜವೋ ಸುಳ್ಳೋ, ಬೆರಳು ಒಂದು ಮನೆಯತ್ತ ತೋರುತ್ತದೆ. ಆ ಮನೆಯ ಹುಡುಗಿ ಮರುದಿನ ಕಾಲೇಜಿಗೆ ಹೋಗಬೇಕು. ಕಲೆ, ಇತಿಹಾಸ ಎಂದೆಲ್ಲ ಮಾತಾಡುವುದು ಸುಲಭ, ನಮ್ಮ ಮನೆಯ ಹೆಸರು ಆ ಕಥೆಯಲ್ಲಿ ಇಲ್ಲದಿರುವವರೆಗೆ.


ಮೇಳದವಳು:

ನೇರಮಾತು ಅವರ ಆತಂಕ ಸುಳ್ಳಲ್ಲ, ಆದರೆ ಅವರು ಬೆರಳು ತೋರಿಸುತ್ತಿರುವ ಜಾಗ ಬೇರೆ. ನಾನು ಗಂಗಿಯ ಪಾತ್ರ ಮಾಡಿದವಳು, ಒಂದಕ್ಕಿಂತ ಹೆಚ್ಚು ಮೇಳಗಳಲ್ಲಿ. ಸಣ್ಣಾಟದ ಪದಗಳಲ್ಲಿ ಇಂದಿನ ಯಾವ ಮನೆತನವೂ ಇಲ್ಲ. ಸಂಗ್ಯಾ, ಈರ್ಯಾ, ಗಂಗಿ ಎಂಬ ಹೆಸರುಗಳು ಉತ್ತರ ಕರ್ನಾಟಕದಲ್ಲಿ ಊರಿಗೆ ನೂರು ಸಿಗುತ್ತವೆ. ಹಾಗಿದ್ದರೆ ಮನೆ ಗುರುತು ಎಲ್ಲಿಂದ ಬರುತ್ತದೆ? ಹಾಸ್ಯದವನ ಬಾಯಿಯಿಂದ. ಪದ ಮುಗಿದು ಮಾತು ಶುರುವಾದಾಗ, ಬರೆದಿಟ್ಟದ್ದು ಏನೂ ಇರುವುದಿಲ್ಲ. ನಗಿಸಬೇಕೆಂಬ ಹುಕಿಯಲ್ಲಿ ಅವನು ಊರಿನ ಒಂದು ಅಡ್ಡಹೆಸರನ್ನು ಎಳೆದು ತರುತ್ತಾನೆ, ಸೀಟಿ ಬೀಳುತ್ತದೆ, ಎರಡನೆಯ ಸಲ ಇನ್ನೂ ಸ್ಪಷ್ಟವಾಗಿ ಹೇಳುತ್ತಾನೆ. ಒಮ್ಮೆ ಒಂದು ಊರಿನಲ್ಲಿ ಹೀಗೇ ಆಗಿ ಅರ್ಧ ರಾತ್ರಿಗೆ ಆಟ ನಿಂತಿತು. ಕುರ್ಚಿ ತೂರಿದವರು ಗಂಗಿ ಮತ್ತು ಸಂಗ್ಯಾ ಕೂಡಿದ್ದಕ್ಕೆ ಸಿಟ್ಟಾದವರಲ್ಲ, ತಮ್ಮ ಅಡ್ಡಹೆಸರು ಕೇಳಿ ಎದ್ದವರು.

ನೂರೈವತ್ತು ವರ್ಷ ಹಳೆಯ ಹಗರಣ ಯಾರನ್ನೂ ಚುಚ್ಚುವುದಿಲ್ಲ. ಆ ರಾತ್ರಿ, ಆ ಮಾತಿನ ಭರದಲ್ಲಿ ಹೊಸದಾಗಿ ಹುಟ್ಟುವ ಹಗರಣ ಚುಚ್ಚುತ್ತದೆ. ಪದಕ್ಕೆ ಕತ್ತರಿ ಹಾಕಬೇಡಿ, ಹಾಸ್ಯಕ್ಕೆ ಲಗಾಮು ಹಾಕಿ. ಪಾತ್ರಧಾರಿಗಳೆಲ್ಲರಿಂದ ಒಂದು ಮಾತು ತೆಗೆದುಕೊಳ್ಳಿ: ಅಡ್ಡಹೆಸರು, ಓಣಿ, ಜಾತಿ, ಬದುಕಿರುವ ಯಾರ ಗುರುತೂ ರಂಗದ ಮೇಲೆ ಬರಕೂಡದು.


ಕಟಕಟೆ:

ಕಾಯ್ದೆಯ ಬಗ್ಗೆ ಕೇಳಿದಿರಿ. ಸತ್ತವರ ಮಾನಹಾನಿ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಇದೆ. ಹಳೆಯ ಭಾರತೀಯ ದಂಡ ಸಂಹಿತೆಯ 499ನೆಯ ಕಲಮಿನ ವಿವರಣೆಯಲ್ಲಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿಗೆ ಹಾಗೆಯೇ ಇಳಿದುಬಂದಿದೆ. ಆದರೆ ಷರತ್ತು ಬಿಗಿಯಾಗಿದೆ: ಆ ವ್ಯಕ್ತಿ ಬದುಕಿದ್ದರೆ ಅವನ ಮಾನಕ್ಕೆ ಕುಂದು ತರುವಂತಹ ಮಾತು ಅದಾಗಿರಬೇಕು, ಜೊತೆಗೆ ಅವನ ಕುಟುಂಬದವರ ಅಥವಾ ಹತ್ತಿರದ ಬಂಧುಗಳ ಮನಸ್ಸು ನೋಯಿಸುವ ಉದ್ದೇಶವೂ ಇರಬೇಕು. ತಲೆಮಾರುಗಳ ಹಿಂದಿನ ಘಟನೆಗೆ, ಪೀಳಿಗೆಗಳಿಂದ ಹಾಡಿಕೊಂಡು ಬಂದ ಪಠ್ಯಕ್ಕೆ ಇದನ್ನು ಅಂಟಿಸುವುದು ಕಷ್ಟ. ಮೇಳದವಳು ಹೇಳಿದ ಹಾಸ್ಯದ ಮಾತಿಗೆ ಅಂಟಿಸುವುದು ಸುಲಭ, ಏಕೆಂದರೆ ಅಲ್ಲಿ ಸಿಟ್ಟಾಗುವವನು ಬದುಕಿದ್ದಾನೆ.

ಇನ್ನೊಂದು, ಹಿರಿಯರು ಮರೆತಿರಬಹುದಾದ ಸಂಗತಿ. ಇಂದಿನ ಕಾನೂನಿನ ಕಣ್ಣಿನಲ್ಲಿ ಈ ಆಟದ ಅಪರಾಧ ಕೊಲೆ. ಇನ್ನೊಬ್ಬನ ಹೆಂಡತಿಯೊಡನೆ ಸಂಬಂಧ ಎಂಬುದನ್ನು 1860ರ ದಂಡ ಸಂಹಿತೆ 497ನೆಯ ಕಲಮಿನಲ್ಲಿ ಅಪರಾಧ ಮಾಡಿತ್ತು, ಐದು ವರ್ಷದವರೆಗೆ ಸೆರೆವಾಸ. ಶಿಕ್ಷೆ ಗಂಡಸಿಗೆ ಮಾತ್ರ. ಅದು ಹೆಣ್ಣಿನ ಮೇಲಿನ ದಯೆಯಿಂದಲ್ಲ. ಗಂಡನ ಸಮ್ಮತಿ ಇದ್ದರೆ ಅದು ಅಪರಾಧವೇ ಆಗುತ್ತಿರಲಿಲ್ಲ. ಅಂದರೆ ದೋಚಿದವನು ಒಬ್ಬ, ಕಳೆದುಕೊಂಡವನು ಇನ್ನೊಬ್ಬ, ನಡುವಿನವಳು ಸ್ವತ್ತು. ಸುಪ್ರೀಂ ಕೋರ್ಟ್ ಆ ಕಲಮನ್ನು 2018ರ ಸೆಪ್ಟೆಂಬರ್ 27ರಂದು ಅಳಿಸಿಹಾಕಿತು. ನಿಮ್ಮ ಜಾತ್ರಾ ಸಮಿತಿ ಮಾತ್ರ ಇನ್ನೂ ಅದೇ ಕಲಮಿನ ಕೆಳಗೆ ವಿಚಾರಣೆ ನಡೆಸುತ್ತಿರುವಂತೆ ಕಾಣುತ್ತದೆ.


ತೆಂಕಣಗಾಳಿ:

ನಮ್ಮ ಮೈಸೂರು ಸೀಮೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಇದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ವಿಜಯನಗರದ ಪ್ರತಿನಿಧಿ ತಿರುಮಲರಾಯನ ಹೆಂಡತಿ ಅಲಮೇಲಮ್ಮನ ಒಡವೆಗಳಿಗಾಗಿ ಆಳುಗಳನ್ನು ಅಟ್ಟಿದರು ಎನ್ನುವ ಕಥೆ ಗೊತ್ತೇ ಇದೆ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ ಎಂದು ಶಪಿಸಿ ಆಕೆ ಕಾವೇರಿಗೆ ಹಾರಿದಳು. ಇದನ್ನು ಮುಚ್ಚಿಡಬೇಕಾಗಿದ್ದವರು ಅರಮನೆಯವರು. ಅವರು ಅಲಮೇಲಮ್ಮನ ಮೂರ್ತಿ ಮಾಡಿಸಿ ಪೂಜಿಸುತ್ತ ಬಂದರು. ಅರಮನೆಗೆ ಆಗದ ಅವಮಾನ ಜಾತ್ರಾ ಸಮಿತಿಗೆ ಆಗುತ್ತದೆಯೇ?


ನೇರಮಾತು:

ಅರಮನೆಗೆ ಕಾವಲು ಇರುತ್ತದೆ, ಓಣಿಯ ಮನೆಗೆ ಇರುವುದಿಲ್ಲ. ಹೋಲಿಕೆ ಸರಿಯಿಲ್ಲ.


ತೆಂಕಣಗಾಳಿ:

ಈ ಮಾತನ್ನು ಒಪ್ಪುತ್ತೇನೆ. ಆದರೂ ಪೂಜೆ ಮಾಡಿದ್ದಕ್ಕೆ ಕಾರಣ ಭಯವೋ ಪಶ್ಚಾತ್ತಾಪವೋ, ಹೆಸರನ್ನಂತೂ ಅಳಿಸಲಿಲ್ಲ.


ಕರಿಮಣ್ಣು:

ಎಲ್ಲರಿಗೂ ಧನ್ಯವಾದ. ಹಾಸ್ಯದ ವಿಷಯ ನಮಗೆ ಹೊಳೆದಿರಲಿಲ್ಲ, ನಮ್ಮ ಕಂಡಕ್ಟರ್ ಮಹಾಶಯರು ಈ ಬರಹವನ್ನು ಓದಿ ಸ್ವಲ್ಪ ಪೆಚ್ಚಾಗಿದ್ದಾರೆ. ಅವರೇ ನಮ್ಮ ಹಾಸ್ಯಗಾರರು.

ಹಿರಿಯರ ಜೊತೆ ಮತ್ತೆ ಕುಳಿತೆವು. ಅಲ್ಲಿ ನನ್ನನ್ನು ಕೆಣಕಿದ ಸಂಗತಿ ಇದು. ಇದೇ ಜಾತ್ರೆಯಲ್ಲಿ ಕಿತ್ತೂರು ಚೆನ್ನಮ್ಮನ ನಾಟಕ ಎಷ್ಟೋ ಸಲ ಆಗಿದೆ. ಆಗಲೇಬೇಕು, ರಾಣಿ 1829ರಲ್ಲಿ ತೀರಿಕೊಂಡದ್ದು ಬೈಲಹೊಂಗಲದ ಸೆರೆಯಲ್ಲಿ, ಸಮಾಧಿ ಇರುವುದೂ ಅಲ್ಲಿಯೇ. ಆ ನಾಟಕದಲ್ಲಿ ಮಲ್ಲಪ್ಪಶೆಟ್ಟಿ, ವೆಂಕಟರಾಯ ಎಂದು ದ್ರೋಹಿಗಳ ಹೆಸರು ಹಿಡಿದು ಕರೆಯುತ್ತಾರೆ, ಜನ ಶಾಪ ಹಾಕುತ್ತಾರೆ, ಚಿಕ್ಕ ಮಕ್ಕಳು ಆ ಪಾತ್ರಧಾರಿಗೆ ಕಲ್ಲು ಹೊಡೆಯುವುದೊಂದು ಬಾಕಿ. ಅವರಿಗೂ ಮನೆತನಗಳಿದ್ದವಲ್ಲ? ಅದನ್ನು ಯಾರೂ ಕೇಳಿಲ್ಲ. ರಾಜ್ಯವನ್ನೇ ಮಾರಿದವನ ಹೆಸರು ಹೇಳಬಹುದು, ಒಬ್ಬ ಹೆಣ್ಣಿನ ಮನೆಯ ಬಾಗಿಲು ದಾಟಿದವನ ಹೆಸರು ಹೇಳಬಾರದು. ಹೀಗೆಂದೆ. ಹಿರಿಯರಲ್ಲಿ ಒಬ್ಬರು, ಅದು ರಾಜಕಾರಣ, ಇದು ಮರ್ಯಾದೆ ಎಂದರು. ಅವರು ಶರಣರ ನಾಟಕಗಳಿಗೆ ಧಾರಾಳವಾಗಿ ದೇಣಿಗೆ ಕೊಡುವವರು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟದ್ದು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಎಷ್ಟು ದೊಡ್ಡ ಹಗರಣವಾಗಿತ್ತೆಂದರೆ ಆ ತಂದೆಯರಿಬ್ಬರೂ ಪ್ರಾಣ ತೆತ್ತರು. ಸಾಕಷ್ಟು ಕಾಲ ಕಳೆದರೆ ಹಗರಣಕ್ಕೂ ಹಾರ ಬೀಳುತ್ತದೆ ಎಂದೆನಿಸಿತು, ಹೇಳಲಿಲ್ಲ. ದೇಣಿಗೆ ಇನ್ನೂ ಬಂದಿಲ್ಲ.


ಚಂದ್ರಗಿರಿ ತೀರ:

ಕಾಸರಗೋಡಿನ ಕನ್ನಡಿಗ ನಾನು, ಎರಡೂ ಕಡೆಯ ರಂಗವನ್ನು ನೋಡುತ್ತೇನೆ. ಕೇರಳದಲ್ಲಿ ಇಂತಹದೇ ಪ್ರಕರಣ ಕುರಿಯೇಡತ್ತು ತಾತ್ರಿಯದು. 1905ರಲ್ಲಿ ಕೊಚ್ಚಿ ಸಂಸ್ಥಾನದಲ್ಲಿ ನಡೆದ ಸ್ಮಾರ್ತವಿಚಾರ. ನಂಬೂದಿರಿ ಮನೆಯ ಹೆಣ್ಣು, ಆಕೆಯ ನಡತೆಯ ಮೇಲೆ ವಿಚಾರಣೆ. ಆಕೆ ಬಾಯಿ ಬಿಟ್ಟಾಗ ಹೊರಬಂದದ್ದು 64 ಗಂಡಸರ ಹೆಸರು, ಅವರೆಲ್ಲ ಜಾತಿಭ್ರಷ್ಟರಾದರು. ಅವರಲ್ಲಿ ಹೆಸರಾಂತ ಕಥಕಳಿ ಕಲಾವಿದನೂ ಒಬ್ಬ. ಅಲ್ಲಿ ಆ ಕಥೆ ಮತ್ತೆ ಮತ್ತೆ ಬರಹಕ್ಕೆ, ರಂಗಕ್ಕೆ ಬಂದಿದೆ, ಇವತ್ತಿಗೂ ಆ ಪ್ರಕರಣವನ್ನು ಕರೆಯುವುದು ತಾತ್ರಿಯ ಹೆಸರಿನಿಂದಲೇ.

ನಿಮ್ಮ ಆಟದ ಹೆಸರನ್ನೇ ನೋಡಿ. ಸಂಗ್ಯಾ, ಬಾಳ್ಯಾ. ಇಬ್ಬರೂ ಗಂಡಸರು. ಯಾರ ಹೆಸರಿನಿಂದಾಗಿ ಊರೆಲ್ಲ ನೂರೈವತ್ತು ವರ್ಷ ಗುಸುಗುಸು ಮಾಡಿತೋ ಅವಳು ತಲೆಬರಹದಲ್ಲಿಯೇ ಇಲ್ಲ. ಹಿರಿಯರು ಅವಳ ಪಾತ್ರವನ್ನು ಇನ್ನೂ ಚಿಕ್ಕದು ಮಾಡಿ ಎನ್ನುತ್ತಿದ್ದಾರೆ ಎಂದು ಓದಿ ನಗು ಬಂತು.


ಮೇಳದವಳು:

ಚಂದ್ರಗಿರಿ ತೀರದವರು ಹುಣ್ಣಿನ ಮೇಲೆ ಕೈ ಇಟ್ಟರು.

ಈ ಆಟದಲ್ಲಿ ಪ್ರೇಕ್ಷಕರು ಅಳುವುದು ಸ್ನೇಹಕ್ಕೆ. ಬಾಳ್ಯಾ ಗೆಳೆಯನನ್ನು ಕರೆದೊಯ್ಯುವ ಭಾಗ ಬಂದಾಗ ಮುದುಕರೂ ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ನಾನು ಪರದೆಯ ಪಕ್ಕದಲ್ಲಿ ನಿಂತು ಅದನ್ನು ನೋಡಿದ್ದೇನೆ. ಸಂಗ್ಯಾ ಸತ್ತ, ಅಯ್ಯೋ ಪಾಪ. ಬಾಳ್ಯಾ ದ್ರೋಹ ಮಾಡಿದ, ಅಯ್ಯೋ ಪಾಪಿ. ಗಂಗಿಗೆ ಏನೂ ಇಲ್ಲ, ಪಾಪವೂ ಇಲ್ಲ ಅಯ್ಯೋ ಕೂಡ ಇಲ್ಲ. ಆಟ ಮುಗಿದ ಮೇಲೆ ಬಣ್ಣ ಒರೆಸುವಾಗ ಸಂಗ್ಯಾನ ಪಾತ್ರಧಾರಿಗೆ ಆಯೇರಿ, ಅಂದರೆ ಉಡುಗೊರೆ, ಬರುತ್ತದೆ, ಬಾಳ್ಯಾನಿಗೆ ಬೈಗುಳ ಬರುತ್ತದೆ, ಅದೂ ಒಂದು ಬಗೆಯ ಬಹುಮಾನವೇ. ನನ್ನ ಹತ್ತಿರ ಬಂದ ಒಬ್ಬ ಯಜಮಾನರು, ನೀನು ಒಳ್ಳೆಯ ಮನೆತನದವಳಂತೆ ಕಾಣುತ್ತೀ, ಇಂತಹ ಪಾತ್ರ ಏಕೆ ಮಾಡುತ್ತೀ ಎಂದು ಕೇಳಿದ್ದರು.

ಆದರೆ ಪದಗಳಲ್ಲಿ ಗಂಗಿ ಹಾಗಿಲ್ಲ. ಸಣ್ಣಾಟದ ಕವಿಗಳನ್ನು ನಾನು ಈ ಕಾರಣಕ್ಕೆ ಗೌರವಿಸುತ್ತೇನೆ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ, ರಾಕ್ಷಸ, ದೇವರು. ಸಣ್ಣಾಟದಲ್ಲಿ ಮೈಮೇಲೆ ದಿನದ ಬಟ್ಟೆ, ನಾಲಿಗೆಯ ಮೇಲೆ ದಿನದ ಮಾತು. ಹಾಗಾಗಿಯೇ ಗಂಡನಿರುವ ಹೆಣ್ಣಿನ ಆಸೆಯನ್ನು ಅವರು ಹೆದರದೆ ಹಾಡಿಸಿದ್ದಾರೆ. ಅವಳನ್ನು ಕುಲಟೆ ಎಂದು ಬದಿಗೆ ಸರಿಸಿದ್ದರೆ ಅಷ್ಟು ಒಳ್ಳೆಯ ಮಟ್ಟುಗಳನ್ನು ಅವಳಿಗೆ ಕೊಡುತ್ತಿದ್ದರೇ? ಅವಳ ಹಾಡುಗಳನ್ನು ಕತ್ತರಿಸಿಬಿಟ್ಟರೆ ಉಳಿಯುವುದು ಸಂಗ್ಯಾನ ದೃಷ್ಟಿ, ಈರ್ಯಾನ ಕತ್ತಿ, ಬಾಳ್ಯಾನ ದ್ರೋಹ. ಆಗ ಅದು ಬರೀ ಹಗರಣವಾಗುತ್ತದೆ. ಹಿರಿಯರಿಗೆ ಹೀಗೆ ಹೇಳಿ ನೋಡಿ: ನೀವು ಕತ್ತರಿ ಹಾಕಲು ಹೇಳುತ್ತಿರುವ ಭಾಗವೇ ಈ ಆಟದ ಮರ್ಯಾದೆಯನ್ನು ಕಾಯುತ್ತಿರುವುದು.


ಪೇಟಿ ಬಿಳಿ ಐದು:

ಮೇಳದವಳು ಹೇಳಿದ್ದಕ್ಕೆ ಒಂದು ಸೇರ್ಪಡೆ. ಗಂಗಿಯ ಪಾತ್ರವನ್ನು ಗಂಡಸೇ ಹಾಕುತ್ತಿದ್ದ ಕಾಲದಲ್ಲಿ ಅದಕ್ಕೆ ಒಂದು ಬಗೆಯ ರಕ್ಷಣೆ ಇತ್ತು. ಸೆರಗು ಹೊದ್ದವನು ಗಂಡಸೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಏನು ಹಾಡಿದರೂ ನಡೆಯುತ್ತಿತ್ತು. ಹೆಣ್ಣುಮಕ್ಕಳು ರಂಗಕ್ಕೆ ಬಂದ ಮೇಲೆ ಪ್ರೇಕ್ಷಕರ ಕಣ್ಣು ಬದಲಾಯಿತು. ಶ್ರೀಕೃಷ್ಣ ಪಾರಿಜಾತ ಎಂಬ ಸಣ್ಣಾಟದಲ್ಲಿ ಕಲಾವಿದೆ ಕೌಜಲಗಿ ನಿಂಗಮ್ಮನವರು ಗೆದ್ದುಕೊಂಡ ಗೌರವ ಸಣ್ಣದಲ್ಲ, ಆದರೆ ಪಾರಿಜಾತ ದೇವರ ಕಥೆ. ಸತ್ಯಭಾಮೆ ಮುನಿಸಿಕೊಂಡರೆ ಜನ ಕೈ ಮುಗಿಯುತ್ತಾರೆ, ಗಂಗಿ ಆಸೆಪಟ್ಟರೆ ಸೀಟಿ ಹೊಡೆಯುತ್ತಾರೆ. ಹಾಡುಗಾರಿಕೆ ಎರಡಕ್ಕೂ ಅಷ್ಟೇ ಬೇಕು.


ಕಡಲಾಚೆ:

ನಾವು ಹೊರದೇಶದ ಕನ್ನಡ ಕೂಟದಲ್ಲಿ ಇದರ ಒಂದು ತಾಸಿನ ಸಂಗ್ರಹ ರೂಪ ಆಡಿದ್ದೆವು. ಯಾರಿಗೂ ಏನೂ ಅನ್ನಿಸಲಿಲ್ಲ, ಊಟ ತಡವಾಯಿತು ಎಂಬ ದೂರು ಮಾತ್ರ ಬಂತು. ನಿಮ್ಮ ಜಗಳ ನೋಡಿ ಹೊಟ್ಟೆಕಿಚ್ಚಾಗುತ್ತಿದೆ. ನಾಟಕಕ್ಕೆ ಹೆದರುವ ಪ್ರೇಕ್ಷಕರು ಸಿಗುವುದು ಪುಣ್ಯ.


ನೇರಮಾತು:

ನಾನು ಆಟ ಬೇಡವೆನ್ನುತ್ತಿಲ್ಲ, ಇಷ್ಟು ಓದಿದ ಮೇಲೆ ಗಂಗಿಯ ಹಾಡು ಕತ್ತರಿಸಿ ಎಂದೂ ಹೇಳುವುದಿಲ್ಲ. ಊರಿನ ಹೆಸರಿನ ಬಗ್ಗೆ ಮಾತ್ರ ನನ್ನ ನಿಲುವು ಹಾಗೆಯೇ ಇದೆ. ನಾಟಕಕಾರ ಚಂದ್ರಶೇಖರ ಕಂಬಾರರು ಈ ಕಥೆಯನ್ನು ಹೊಸದಾಗಿ ಬರೆದಾಗ ತಮ್ಮ ನಾಟಕಕ್ಕೆ ‘ಸಂಗ್ಯಾ ಬಾಳ್ಯಾ ಅನಬ್ಯಾಡ ನಾಡೊಳಗ’ ಎಂದೇ ಹೆಸರಿಟ್ಟರು. ಹೆಸರು ಎತ್ತಿದರೆ ನೋವಾಗುತ್ತದೆ ಎಂಬುದು ಆ ಜನಕ್ಕೆ ಗೊತ್ತಿತ್ತು.


ಕರಿಮಣ್ಣು:

ಅನಬೇಡ ಎನ್ನುತ್ತಲೇ ಅಂದುಬಿಟ್ಟರಲ್ಲ, ಅದೂ ತಲೆಬರಹದಲ್ಲಿಯೇ. ಕಂಬಾರರು ಘೋಡಗೇರಿಯವರು, ನಮ್ಮ ಜಿಲ್ಲೆಯವರೇ, ಅವರಿಗೆ ಈ ಆಟ ಗೊತ್ತಿತ್ತು.

ಊರಿನ ಹೆಸರನ್ನು ನಾವು ಉಳಿಸಿಕೊಳ್ಳುತ್ತೇವೆ. ಕಾರಣ ಹಟವಲ್ಲ. ಊರಿನ ಹೆಸರು ತೆಗೆದರೆ ಜನ ಸುಮ್ಮನಿರುವುದಿಲ್ಲ, ಯಾವ ಊರಿರಬಹುದು ಎಂಬ ಹುಡುಕಾಟಕ್ಕೆ ತೊಡಗುತ್ತಾರೆ, ಅದರ ಹಿಂದೆಯೇ ಯಾವ ಮನೆ ಎಂಬ ಹುಡುಕಾಟ ಬರುತ್ತದೆ. ಎಲ್ಲರಿಗೂ ಗೊತ್ತಿರುವ ಹೆಸರನ್ನು ಎಲ್ಲರೆದುರು ಹೇಳಿದರೆ ಗುಸುಗುಸುವಿಗೆ ಕೆಲಸವಿಲ್ಲ. ಕಡ್ಲಿಮಟ್ಟಿ ಸ್ಟೇಷನ್ ಮಾಸ್ತರ ಆಟಕ್ಕೆ ರೈಲು ನಿಲ್ದಾಣದ ಹೆಸರೇ ಅಂಟಿಕೊಂಡಿದೆ. ಬಾಗಲಕೋಟೆಯ ಹತ್ತಿರದ ಆ ನಿಲ್ದಾಣದಲ್ಲಿ ಇಳಿಯುವವರು ಅದರಿಂದ ತಲೆತಗ್ಗಿಸಿ ಓಡಾಡುವುದನ್ನು ನಾನು ನೋಡಿಲ್ಲ.

ಉಳಿದಂತೆ ತೀರ್ಮಾನವಾದದ್ದು: ಪಾತ್ರಗಳ ಹೆಸರು ಇದ್ದ ಹಾಗೆಯೇ ಇರುತ್ತವೆ. ಹಾಸ್ಯದ ಮಾತನ್ನು ಮೊದಲೇ ಬರೆದುಕೊಂಡು ತಾಲೀಮಿನಲ್ಲಿ ಎಲ್ಲರೆದುರು ಓದಬೇಕು, ರಂಗದ ಮೇಲೆ ಅದರಾಚೆ ಹೋದವರಿಗೆ ಮುಂದಿನ ಆಟದಲ್ಲಿ ಪಾತ್ರವಿಲ್ಲ. ಕಂಡಕ್ಟರ್ ಒಪ್ಪಿದ್ದಾರೆ, ಮುಖ ಊದಿಸಿಕೊಂಡೇ. ಗಂಗಿಯ ಪದಗಳಲ್ಲಿ ಒಂದನ್ನೂ ಬಿಡುವುದಿಲ್ಲ. ಸಮಿತಿಯ ಹಿರಿಯರಲ್ಲಿ ಇಬ್ಬರು ತಾಲೀಮಿಗೆ ಬಂದು ಕೇಳುತ್ತೇವೆ ಎಂದಿದ್ದಾರೆ, ಬರಲಿ.


ಕಟಕಟೆ:

ಒಳ್ಳೆಯದು. ಆದರೆ ನಿಮ್ಮ ನಿಜವಾದ ಎದುರಾಳಿ ಹಿರಿಯರಲ್ಲ, ಗಡಿಯಾರ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆಂದು ಸರ್ಕಾರ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಬೆಳ್ಳಿ ಮೂಡುವವರೆಗೆ ಆಡುತ್ತಿದ್ದ ಆಟವನ್ನು ಎಲ್ಲಿ ಮುಗಿಸುತ್ತೀರಿ? ಹಾಗೆಯೇ 1964ರ ಕರ್ನಾಟಕ ನಾಟಕ ಪ್ರದರ್ಶನ ಕಾಯ್ದೆ ಇದೆ, 1876ರಲ್ಲಿ ಬ್ರಿಟಿಷರು ತಂದ ಕಾಯ್ದೆಯ ವಂಶದ್ದು. ಆಕ್ಷೇಪಾರ್ಹ ಪ್ರದರ್ಶನವನ್ನು ತಡೆಯುವ ಅಧಿಕಾರ ಅದರಲ್ಲಿದೆ. ಯಾರಾದರೂ ಅರ್ಜಿ ಕೊಟ್ಟರೆ ಕೊನೆಯ ಗಳಿಗೆಯಲ್ಲಿ ತಲೆನೋವು. ಪೂರ್ತಿ ಪಠ್ಯದ ಒಂದು ಪ್ರತಿಯನ್ನು, ಬರೆದುಕೊಂಡ ಹಾಸ್ಯದ ಮಾತನ್ನೂ ಸೇರಿಸಿ, ಅನುಮತಿ ಅರ್ಜಿಯ ಜೊತೆಗೇ ಕೊಟ್ಟುಬಿಡಿ. ಬಾಗಲಕೋಟೆಯಲ್ಲಿರುವ ಬಯಲಾಟ ಅಕಾಡೆಮಿಗೂ ಒಂದು ಪತ್ರ ಬರೆಯಿರಿ. ಹಣ ಬಾರದಿದ್ದರೂ ಅವರ ಉತ್ತರದ ಕಾಗದ ಕೈಯಲ್ಲಿದ್ದರೆ ಠಾಣೆಯಲ್ಲಿ ಕುರ್ಚಿ ಸಿಗುತ್ತದೆ.


ಪೇಟಿ ಬಿಳಿ ಐದು:

ಧ್ವನಿವರ್ಧಕವಿಲ್ಲದೆ ಆಡಿದವರ ಕೊರಳನ್ನು ನಾವು ಕೇಳಿದ್ದೇವೆ. ಮೇಳದವರು ಪದದ ಕೊನೆಯ ಸಾಲನ್ನು ಎತ್ತಿ ಹಿಡಿಯುತ್ತಿದ್ದುದೇ ಹಿಂದೆ ಕುಳಿತವರಿಗೆ ಕೇಳಲಿ ಎಂದು. 12 ಗಂಟೆಗೆ ಮೈಕು ತೆಗೆದು, ಕೊಲೆಯ ಭಾಗವನ್ನು ಬರೀ ಕೊರಳಲ್ಲಿ ಆಡಿ ನೋಡಿ. ಜನ ಹತ್ತಿರ ಸರಿದು ಕೂರುತ್ತಾರೆ.


ಮೇಳದವಳು:

ಒಳ್ಳೆಯ ಸಲಹೆ, ಆದರೆ ಗಂಗಿ ಮಾಡುವವಳ ಶ್ರುತಿ ನೋಡಿಕೊಂಡು ನಿರ್ಧರಿಸಿ. ಸಂಗ್ಯಾನಿಗೆ ಹೊಂದುವ ಸ್ವರಕ್ಕೆ ಪೇಟಿ ಕಟ್ಟಿ ಅವಳನ್ನು ಅದೇ ಸ್ವರದಲ್ಲಿ ಹಾಡಿಸಿದರೆ ಅವಳ ಪದ ಮೊದಲ ಸಾಲಿಗೂ ಮುಟ್ಟುವುದಿಲ್ಲ. ಇಬ್ಬರೂ ಕೂಡಿ ಹಾಡುವ ಪದಗಳನ್ನು ಅವಳ ಶ್ರುತಿಗೆ ಇಡಿ, ಕಷ್ಟವಾಗುವುದಿದ್ದರೆ ಸಂಗ್ಯಾನಿಗೆ ಆಗಲಿ.


ಕರಿಮಣ್ಣು:

ಇವತ್ತಿನ ತಾಲೀಮಿನಲ್ಲಿ ಹಾಗೆಯೇ ಮಾಡಿದೆವು. ಸಂಗ್ಯಾನ ಪಾತ್ರಧಾರಿ, ಹತ್ತಿ ಅಂಗಡಿಯ ಗುಮಾಸ್ತರು, ಗಂಟಲು ಕೆಟ್ಟಿತೆಂದು ಬಿಸಿನೀರು ಕೇಳಿದರು. ಬಂದಿದ್ದ ಹಿರಿಯರಿಬ್ಬರಲ್ಲಿ ಒಬ್ಬರು ಕೊನೆಯವರೆಗೂ ಕುಳಿತಿದ್ದು, ಎರಡನೆಯ ಪದದಲ್ಲಿ ಮೇಳದವರು ತಾಳ ತಪ್ಪಿದರು ಎಂದು ತಿದ್ದಿ ಹೋದರು. ಠಾಣೆಗೆ ಅರ್ಜಿ ನಾಳೆ ಕೊಡುತ್ತೇವೆ. ಹಾಸ್ಯದ ಮಾತಿನ ಕರಡು ಕಂಡಕ್ಟರರ ಕೈಯಲ್ಲಿ ಇನ್ನೂ ಮುಗಿದಿಲ್ಲ, ಅಡ್ಡಹೆಸರಿಲ್ಲದೆ ನಗಿಸುವುದು ಹೇಗೆಂದು ತಲೆ ಕೆರೆದುಕೊಳ್ಳುತ್ತಿದ್ದಾರೆ. ಯಾರಿಗಾದರೂ ಹೊಳೆದರೆ ಇಲ್ಲಿಯೇ ಬರೆಯಿರಿ, ಅವರಿಗೆ ತಲುಪಿಸುತ್ತೇನೆ.